ಕಟ್ಟೆಯಿಂದ ಬಂದರಿಗೆ: ರಾಮನಗರ ಸೀಮೆಯ ಸುಂಕದ ಹಾದಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಗಳನ್ನೊಳಗೊಂಡ ಸೀಮೆಗೆ ಇಂದು ಯಾವ ಪರದೇಶದ ಗಡಿಯೂ ತಾಗುವುದಿಲ್ಲ, ಘಟ್ಟವಿಳಿಯದೆ ಸಿಗುವ ಬಂದರೂ ಅದಕ್ಕೆ ಇಲ್ಲ. ಆದರೆ ಸರಕು ಒಂದು ಒಡೆತನದಿಂದ ಇನ್ನೊಂದು ಒಡೆತನದ ನೆಲಕ್ಕೆ ದಾಟುವಾಗ ಅದನ್ನು ತಡೆದು, ಬಿಚ್ಚಿ, ಎಣಿಸಿ, ಸುಂಕ ಕಟ್ಟಿಸಿಕೊಂಡು ಬಿಡುವ ವ್ಯವಸ್ಥೆಯ ಚರಿತ್ರೆಯನ್ನು ದಕ್ಷಿಣ ಕರ್ನಾಟಕದಲ್ಲಿ ಬರೆಯಹೊರಟವರಿಗೆ ಈ ಸೀಮೆಯಷ್ಟು ದೀರ್ಘವಾದ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿ ಇದರ ನಡುವೆ ಹಾಯುತ್ತದೆ. ತೆಂಕಣದಲ್ಲಿ ಕಾವೇರಿ ಮತ್ತು ಅದರಾಚೆಯ ಕೊಳ್ಳೇಗಾಲ, ಮೂಡಣದಲ್ಲಿ ತಮಿಳುನಾಡಿಗೆ ಹೊಂದಿಕೊಂಡ ಕಾಡು, ಬಡಗಣದಲ್ಲಿ ಸಾವನದುರ್ಗದ ಬೆಟ್ಟಸಾಲು ಇವೆ. ಇಂದು ಒಂದು ಆಡಳಿತದ ಕೆಳಗಿರುವ ಈ ನಾಲ್ಕು ಊರುಗಳ ನಡುವೆ ಒಂದು ಕಾಲಕ್ಕೆ ಎರಡು ಮೂರು ರಾಜ್ಯಗಳ ಎಲ್ಲೆಗಳು ಹಾದುಹೋಗಿದ್ದವು, ಆ ಎಲ್ಲೆಗಳು ಅಳಿದ ಮೇಲೂ ಅವುಗಳ ಸುಂಕದ ಕಟ್ಟೆಗಳು ಬಹುಕಾಲ ಉಳಿದವು, ಮತ್ತು ಕಟ್ಟೆಗಳು ಹೋದ ಮೇಲೆ ಈ ಸೀಮೆಯ ಬದುಕನ್ನು ನಿರ್ಧರಿಸುವ ಸುಂಕದ ಬಾಗಿಲು ಕಣ್ಣಿಗೆ ಕಾಣದಷ್ಟು ದೂರದ ಕಡಲ ಕರೆಗೆ ಹೋಗಿ ನಿಂತಿತು.

ಸುಂಕದ ವ್ಯವಸ್ಥೆ ಕನ್ನಡ ನಾಡಿಗೆ ಬಹಳ ಹಳೆಯದು. ಶಾಸನಗಳಲ್ಲಿ ಬರುವ ಪೆರ್ಜುಂಕ ಅಥವಾ ಹೆಜ್ಜುಂಕವೆಂಬುದು ದೊಡ್ಡ ಪ್ರಮಾಣದ ಸರಕಿನ ಮೇಲೆ ಬೀಳುತ್ತಿದ್ದ ಹಿರಿಯ ಸುಂಕ. ಅದನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಸುಂಕವೆರ್ಗಡೆಯೆಂಬ ಪದವಿಯಿತ್ತು. ಕಣ್ವ ನದಿಯ ದಡದ ಮಳೂರಿನಂತಹ ಊರುಗಳಲ್ಲಿ ಚೋಳರ ಕಾಲದ ಶಾಸನಗಳು ದೊರೆತಿರುವುದು ಚನ್ನಪಟ್ಟಣ ಹುಟ್ಟುವ ಎಷ್ಟೋ ಶತಮಾನಗಳ ಹಿಂದೆಯೇ ಈ ಹಾದಿಯಲ್ಲಿ ನೆಲೆಗೊಂಡ ಪಟ್ಟಣಗಳಿದ್ದುದನ್ನು ಹೇಳುತ್ತದೆ. ಆ ಕಾಲದ ಸುಂಕವನ್ನು ಹಲವು ಕಡೆ ಸರಕಿನ ಬೆಲೆಗಿಂತ ಹೊರೆಯ ಲೆಕ್ಕದಲ್ಲಿ ಹಾಕುತ್ತಿದ್ದರು: ಎತ್ತಿನ ಬೆನ್ನ ಮೇಲಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂಬ ಈ ಕ್ರಮದಲ್ಲಿ ಸುಂಕದವನು ಸರಕಿನ ಬೆಲೆ ತಿಳಿಯಬೇಕಾದ ಅಗತ್ಯವಿರಲಿಲ್ಲ, ಹೇರಿನ ಎತ್ತುಗಳನ್ನು ಎಣಿಸಿದರೆ ಸಾಕಾಗುತ್ತಿತ್ತು. ದೇವಾಲಯದ ದೀಪದೆಣ್ಣೆಗೆ, ಅಗ್ರಹಾರಕ್ಕೆ, ವರ್ತಕ ಸಂಘಗಳಿಗೆ ಈ ಆದಾಯದ ಪಾಲನ್ನು ಬಿಟ್ಟುಕೊಟ್ಟ ದಾನಶಾಸನಗಳು ನಾಡಿನ ತುಂಬ ಇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕ ಎತ್ತುವ ಕಾಯಕದ ಸುಂಕದ ಬಂಕಣ್ಣನೂ ಒಬ್ಬನಾಗಿದ್ದು ತನ್ನ ವೃತ್ತಿಯ ಮಾತುಗಳಲ್ಲೇ ವಚನಗಳನ್ನು ಕಟ್ಟಿದ್ದಾನೆಂಬುದು, ಈ ಕೆಲಸ ಜನರ ದಿನನಿತ್ಯದ ಅನುಭವದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿಯಾಗಿದೆ.

ವಿಜಯನಗರದ ಆಡಳಿತದಲ್ಲಿ ಸುಂಕವನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಒಂದು ಊರಿಗೆ ತಂದು ಅಲ್ಲಿಯೇ ಮಾರುವ ಸರಕಿನ ಮೇಲಿನದು ಸ್ಥಳಾದಾಯ. ಒಂದು ಸೀಮೆಯನ್ನು ಹಾದು ಮುಂದಕ್ಕೆ ಹೋಗುವ ಸರಕಿನ ಮೇಲಿನದು ಮಾರ್ಗಾದಾಯ. ಹೊರನಾಡಿಗೆ ಕಳಿಸುವ ಸರಕಿನ ಮೇಲಿನದು ಮಾಮೂಲಾದಾಯ. ಈ ವಿಂಗಡಣೆ ತರ್ಕಬದ್ಧವಾದದ್ದು, ಏಕೆಂದರೆ ಇಂದಿನ ಕಸ್ಟಮ್ಸ್ ಶಾಸ್ತ್ರವೂ ಆಮದು, ರಫ್ತು ಮತ್ತು ಹಾದುಹೋಗುವ ಸರಕು ಎಂಬ ಮೂರು ವರ್ಗಗಳನ್ನೇ ಇಟ್ಟುಕೊಂಡಿದೆ. ವ್ಯತ್ಯಾಸವಿರುವುದು ಮಾರ್ಗಾದಾಯದಲ್ಲಿ. ಇಂದಿನ ಅಂತರರಾಷ್ಟ್ರೀಯ ನಿಯಮಗಳು ಹಾದುಹೋಗುವ ಸರಕಿಗೆ ಸುಂಕ ಹಾಕಬಾರದೆನ್ನುತ್ತವೆ. ಅಂದಿನ ಆಳುವವರಿಗೆ ಅತ್ಯಂತ ಸುಲಭವಾಗಿ ಕೈಗೆ ಬರುತ್ತಿದ್ದ ಆದಾಯ ಅದೇ ಆಗಿತ್ತು, ಏಕೆಂದರೆ ಅದನ್ನು ತೆರುವ ವರ್ತಕ ಬೇರೆ ಊರಿನವನು, ಅವನ ದೂರನ್ನು ಕೇಳಬೇಕಾದ ಹೊಣೆ ಸ್ಥಳದ ಒಡೆಯನಿಗೆ ಇರಲಿಲ್ಲ.

ವಿಜಯನಗರ ಒಡೆದ ಮೇಲೆ ಹಾದಿಯ ಆದಾಯವೇ ಪ್ರಧಾನವಾಯಿತು. ಅದರ ಅರಸರ ಮುಂದಿನ ರಾಜಧಾನಿಯಾದ ಪೆನುಗೊಂಡೆಯ ರಕ್ಷಣೆಯಲ್ಲಿ 1577ರ ಸುಮಾರಿಗೆ ಹೆಸರು ಮಾಡಿದ ಜಗದೇವರಾಯನಿಗೆ ದೊರೆತ ವಿಸ್ತಾರವಾದ ಸೀಮೆಗೆ ಚನ್ನಪಟ್ಟಣ ರಾಜಧಾನಿಯಾಯಿತು. ಮೈಸೂರಿನ ಚಾಮರಾಜ ಒಡೆಯರು 1630ರಲ್ಲಿ ಅದನ್ನು ಗೆದ್ದುಕೊಂಡರು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 1638ರಲ್ಲಿ ಬೆಂಗಳೂರನ್ನು ಹಿಡಿದಾಗ ಅದನ್ನು ಆಳುತ್ತಿದ್ದ ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು, ಬೆಂಗಳೂರು ಬಿಜಾಪುರದ ಸರದಾರ ಷಹಾಜಿಯ ಜಾಗೀರಾಯಿತು. ಇದರ ಅರ್ಥವನ್ನು ಒಬ್ಬ ಅಡಿಕೆ ವರ್ತಕನ ದೃಷ್ಟಿಯಿಂದ ನೋಡಬೇಕು: ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಇರುವ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಹೇರೆತ್ತುಗಳು ಮೂರು ನಾಲ್ಕು ದಿನಗಳಲ್ಲಿ ಮುಗಿಸುವ ನೆಲದಲ್ಲಿ, ಬಿಜಾಪುರ, ಮಾಗಡಿ ಮತ್ತು ಮೈಸೂರು ಎಂಬ ಮೂರು ಅಧಿಕಾರಗಳಿದ್ದವು. 1687ರ ಸುಮಾರಿಗೆ ಚಿಕ್ಕದೇವರಾಜ ಒಡೆಯರು ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದ ಮೇಲೂ ನಡುವಿನ ಮಾಗಡಿ ಸ್ವತಂತ್ರವಾಗಿಯೇ ಉಳಿದಿತ್ತು. 1728ರಲ್ಲಿ ಮೈಸೂರಿನ ಸೇನೆ ಸಾವನದುರ್ಗವನ್ನು ವಶಪಡಿಸಿಕೊಂಡಾಗಲೇ ಈ ಇಡೀ ಸೀಮೆ ಒಂದು ಆಳ್ವಿಕೆಗೆ ಬಂದಿತು. ಚಿಕ್ಕದೇವರಾಜರು ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ, ಅಂದರೆ ಅಠಾರಾ ಕಚೇರಿಯಾಗಿ, ವಿಂಗಡಿಸಿದಾಗ ಅದರಲ್ಲೊಂದು ಸುಂಕದ ಚಾವಡಿಯಾಗಿತ್ತು. ಇಡೀ ರಾಜ್ಯದ ಸುಂಕದ ಲೆಕ್ಕ ಒಂದೆಡೆ ಸೇರಿತು. ಸುಂಕ ಎತ್ತುವ ಜಾಗಗಳು ಮಾತ್ರ ಹಳೆಯ ಪಾಳೆಯಗಳ ಎಲ್ಲೆಯಲ್ಲೇ ಉಳಿದವು.

ಟಿಪ್ಪು ಸುಲ್ತಾನನ ಕಾಲದಲ್ಲಿ ಈ ಹಾದಿ ಇನ್ನೊಂದು ಬಗೆಯ ಅಡಚಣೆಯನ್ನು ಕಂಡಿತು. ಮಸ್ಕತ್ತಿನವರೆಗೆ ಸರ್ಕಾರದ ವ್ಯಾಪಾರದ ಕೋಠಿಗಳನ್ನು ಸ್ಥಾಪಿಸಿ ಪರದೇಶದ ವ್ಯಾಪಾರವನ್ನು ರಾಜ್ಯವೇ ನಡೆಸಬೇಕೆಂದು ಬಯಸಿದ ಅವನು, ಹಗೆಗಳಾದ ನಿಜಾಮನ ಮತ್ತು ಆರ್ಕಾಟಿನ ಸೀಮೆಗಳೊಡನೆ ತನ್ನ ಪ್ರಜೆಗಳು ವ್ಯಾಪಾರ ಮಾಡುವುದನ್ನು ತಡೆದನು. ಮಲೆನಾಡಿನ ಅಡಿಕೆಯೂ ಮೆಣಸೂ ಇಳಿದು ಹೋಗುತ್ತಿದ್ದದ್ದು, ಕಡಲ ಸರಕು ಮೇಲೇರಿ ಬರುತ್ತಿದ್ದದ್ದು ಆರ್ಕಾಟಿನ ವಾಲಾಜಾಪೇಟೆಯ ಮೂಲಕವೇ ಆದ್ದರಿಂದ ಈ ತಡೆಯ ಪೆಟ್ಟು ಬೆಂಗಳೂರಿನ ಪೇಟೆಗೂ ಅದರ ಹಿಂದಿನ ಊರುಗಳಿಗೂ ಬಿದ್ದಿತು. 1791ರಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದತ್ತ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಹಾದಿ ಹಿಡಿದಾಗ ಶತ್ರುವಿಗೆ ಮೇವು ಕಾಳು ಸಿಗದಿರಲೆಂದು ಆ ಊರನ್ನೇ ಹಾಳುಗೆಡವಲಾಯಿತು. ಯುದ್ಧದ ಕಾಲದಲ್ಲೂ ಸರಕು ಸಾಗಿಸಬಲ್ಲವರೆಂದರೆ ಸಾವಿರಾರು ಹೇರೆತ್ತುಗಳ ತಾಂಡಗಳನ್ನು ಹೊಡೆದುಕೊಂಡು ಎರಡೂ ಪಾಳೆಯಗಳಿಗೆ ದವಸ ಮುಟ್ಟಿಸುತ್ತಿದ್ದ ಲಂಬಾಣಿಗಳು ಮಾತ್ರ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಸಂಚರಿಸಿದ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ವಿವರಗಳು ಈ ಸೀಮೆಯ ವ್ಯಾಪಾರಕ್ಕೆ ಅತ್ಯಂತ ಬೆಲೆಬಾಳುವ ದಾಖಲೆ. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುತ್ತಿದ್ದರು, ಬೆಳ್ಳಗಿನ ಉತ್ತಮ ಸಕ್ಕರೆಯನ್ನು ಒಂದು ಮನೆತನ ತನ್ನ ಗುಟ್ಟಿನ ವಿದ್ಯೆಯಾಗಿ ಕಾಪಾಡಿಕೊಂಡಿತ್ತು, ವೀಣೆ ತಂಬೂರಿಗಳಂತಹ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಅಲ್ಲಿ ತಯಾರಾಗಿ ಭಾರತದ ದೂರದ ಮೂಲೆಗಳಿಗೂ ಹೋಗುತ್ತಿತ್ತು. ಮಾಗಡಿಯ ಸುತ್ತಿನ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ತಂತಿ ಮತ್ತು ಬಳೆಗಳು ಹಗುರವಾದ, ಬೆಲೆಯುಳ್ಳ, ದೂರ ಹೋಗಬಲ್ಲ ಸರಕುಗಳು. ಸುಂಕದ ಕಟ್ಟೆಗಳು ದಟ್ಟವಾಗಿದ್ದ ನಾಡಿನಲ್ಲಿ ಅಂತಹವೇ ದೂರಕ್ಕೆ ಹೋಗಿ ಬದುಕಿದವು ಎಂಬುದನ್ನು ಗಮನಿಸಬೇಕು. ಭಾರದ, ಅಗ್ಗದ ಸರಕು ಹತ್ತಿರದ ಸಂತೆಯನ್ನು ದಾಟಿ ಹೋಗುವುದು ಕಷ್ಟವಾಗಿತ್ತು.

ಅದೇ ಹೊತ್ತಿನಲ್ಲಿ ರಾಮಗಿರಿಯ ಬುಡದ ಹಾದಿ ಕಾಡು ಬೆಳೆದು, ಹುಲಿಗೂ ದರೋಡೆಗೂ ಅಂಜಬೇಕಾದ ಜಾಗವಾಗಿತ್ತು. ದಿವಾನ್ ಪೂರ್ಣಯ್ಯನವರು ಅಲ್ಲಿ ಹೊಸ ಪೇಟೆಯೊಂದನ್ನು ನೆಲೆಗೊಳಿಸಿ ಆಗಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸರ ಹೆಸರಿನಲ್ಲಿ ಅದನ್ನು ಕ್ಲೋಸ್‌ಪೇಟೆಯೆಂದು ಕರೆದರು. ಇಂದಿನ ರಾಮನಗರ ಅದೇ. ಭೂವಿಜ್ಞಾನಿಗಳು ಈ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುವುದರಲ್ಲಿ ಆ ಹೆಸರು ಉಳಿದಿದೆ. ಹಾದಿಯ ಭದ್ರತೆಗಾಗಿ ಊರನ್ನೇ ಕಟ್ಟಿಸಿದ ಈ ಕ್ರಮ ದೂರದೃಷ್ಟಿಯದಾಗಿತ್ತು. ಆದರೆ ಕಾಡಿನ ಭಯ ನೀಗಿದ ಮೇಲೂ ವರ್ತಕನ ಹಾದಿ ಸರಾಗವಾಗಲಿಲ್ಲ, ಏಕೆಂದರೆ ಉಳಿದ ತಡೆ ಸರ್ಕಾರದ್ದೇ ಆಗಿತ್ತು.

ಆ ತಡೆಯ ಹೆಸರು ಸಾಯರ್. ಭೂಮಿಯ ಕಂದಾಯಕ್ಕೆ ಸೇರದ, ಸರಕಿನ ಸಾಗಾಟ ಮತ್ತು ಮಾರಾಟದ ಮೇಲೆ ಬೀಳುವ ಸುಂಕಗಳನ್ನೆಲ್ಲ ಒಟ್ಟಾಗಿ ಹೀಗೆ ಕರೆಯುತ್ತಿದ್ದರು. ಅದನ್ನು ಎತ್ತುವ ಜಾಗವೇ ಸುಂಕದ ಕಟ್ಟೆ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ಸುಂಕದಕಟ್ಟೆಯೆಂಬ ಬಡಾವಣೆ ಇಂದಿಗೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ರಾಜ್ಯದಾದ್ಯಂತ ನೂರಾರು ಕಟ್ಟೆಗಳಿದ್ದು ಅವುಗಳ ವಸೂಲಿಯನ್ನು ಇಜಾರೆಗೆ ಕೊಡುವುದು ವಾಡಿಕೆಯಾಗಿತ್ತು. ಇಜಾರೆಯೆಂದರೆ ಇಷ್ಟು ಹಣವನ್ನು ಸರ್ಕಾರಕ್ಕೆ ಕಟ್ಟುತ್ತೇನೆಂದು ಒಪ್ಪಿಕೊಂಡವನಿಗೆ ಗೊತ್ತಾದ ಅವಧಿಗೆ ವಸೂಲಿಯ ಹಕ್ಕನ್ನು ವಹಿಸಿಬಿಡುವ ಗುತ್ತಿಗೆ. ಅದಕ್ಕಿಂತ ಮೇಲೆ ಎತ್ತಿದ್ದೆಲ್ಲ ಅವನಿಗೆ ಸೇರುತ್ತಿತ್ತು, ಮತ್ತು ಅವನು ಅದನ್ನು ತುಂಡು ಮಾಡಿ ಒಳಗುತ್ತಿಗೆಗೆ ಕೊಡುವುದೂ ಉಂಟಾಗಿತ್ತು. ಗುತ್ತಿಗೆಯ ಅವಧಿ ಮುಗಿಯುವುದರೊಳಗೆ ಹಾಕಿದ ಹಣವನ್ನು ಲಾಭಸಹಿತ ಎತ್ತಬೇಕಾದ ಇಜಾರೆದಾರನಿಗೆ ಮುಂದಿನ ವರ್ಷದ ವ್ಯಾಪಾರ ಏನಾಗುವುದೆಂಬ ಚಿಂತೆ ಇರಲಿಲ್ಲ. ಒಂದೊಂದು ಕಟ್ಟೆಗೆ ಒಂದೊಂದು ದರ, ಒಂದರಲ್ಲಿ ಕೊಟ್ಟ ರಹದಾರಿ, ಅಂದರೆ ಸುಂಕ ಸಂದಿದೆಯೆಂಬ ದಾರಿಚೀಟಿ, ಇನ್ನೊಂದರಲ್ಲಿ ಸಲ್ಲುತ್ತದೆಂಬ ಭರವಸೆಯಿಲ್ಲ; ಹೇರನ್ನು ಇಳಿಸಿ, ಗೋಣಿಯ ಹೊಲಿಗೆ ಬಿಚ್ಚಿ, ತೂಗಿ ನೋಡಿ ಮತ್ತೆ ಕಟ್ಟುವ ಕೆಲಸ ಕಟ್ಟೆ ಕಟ್ಟೆಗೂ ನಡೆಯಬೇಕಾಗಿತ್ತು.

ಮೈಸೂರಿಗೆ ಬ್ರಿಟಿಷ್ ಕಮಿಷನರ್ ಆಡಳಿತ ಬಂದ ಮೇಲೆ ಈ ವ್ಯವಸ್ಥೆಯ ಕೆಡುಕನ್ನು ವಿವರಿಸಲು ಅಧಿಕಾರಿಗಳು ಮತ್ತೆ ಮತ್ತೆ ಉದಾಹರಿಸುತ್ತಿದ್ದದ್ದು ನಗರವೆಂಬ ಊರಿನಿಂದ ವಾಲಾಜಾಪೇಟೆಗೆ ಹೋಗುವ ಅಡಿಕೆಯ ಹೇರನ್ನು. ಮಲೆನಾಡಿನಿಂದ ಹೊರಟು ಮೈಸೂರು ಸೀಮೆಯನ್ನು ಅಡ್ಡಲಾಗಿ ಹಾಯ್ದು ಘಟ್ಟದ ಕೆಳಗಿಳಿಯುವುದರೊಳಗೆ ಅದು ಇಪ್ಪತ್ತಕ್ಕೂ ಹೆಚ್ಚು ಕಟ್ಟೆಗಳಲ್ಲಿ ತಪಾಸಣೆಗೆ ಒಳಗಾಗುತ್ತಿತ್ತು, ಹಲವು ಕಟ್ಟೆಗಳಲ್ಲಿ ಸುಂಕ ತೆರುತ್ತಿತ್ತು. ಇಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ: ಸುಂಕ ಬೀಳದ ಕಟ್ಟೆಯಲ್ಲೂ ತಪಾಸಣೆ ತಪ್ಪುತ್ತಿರಲಿಲ್ಲ. ವರ್ತಕನು ಕಳೆದುಕೊಳ್ಳುತ್ತಿದ್ದದ್ದರಲ್ಲಿ ಸರ್ಕಾರದ ಬೊಕ್ಕಸಕ್ಕೆ ಮುಟ್ಟುತ್ತಿದ್ದದ್ದು ಒಂದು ಭಾಗ ಮಾತ್ರ. ಎತ್ತುಗಳ ಮೇವು, ಆಳುಗಳ ಬತ್ತೆ, ಮಳೆಗೆ ನೆನೆದ ಸರಕು, ಸಂತೆಯ ದಿನ ತಪ್ಪಿದ ನಷ್ಟ, ಬೇಗ ಬಿಡಿಸಿಕೊಳ್ಳಲು ಕೊಟ್ಟ ಮಾಮೂಲು ಇವೆಲ್ಲ ಯಾವ ಲೆಕ್ಕದ ಕಡತಕ್ಕೂ ಸೇರದೆ ಸರಕಿನ ಬೆಲೆಗೆ ಸೇರುತ್ತಿದ್ದವು. ಆದ್ದರಿಂದ ಸುಂಕದ ದರಗಳನ್ನು ಮಾತ್ರ ಓದಿ ಆ ಕಾಲದ ವ್ಯಾಪಾರದ ಹೊರೆಯನ್ನು ಅಳೆಯುವ ಇತಿಹಾಸಕಾರರು ಅದರ ಬಹುಭಾಗವನ್ನು ಬಿಟ್ಟುಬಿಡುತ್ತಾರೆ. ಶ್ರೀರಂಗಪಟ್ಟಣದ ಹಾದಿಯಲ್ಲಿ ಹೊರಟ ಚನ್ನಪಟ್ಟಣದ ಬಳೆಗಾರನಿಗೆ ಪ್ರತಿ ತಪಾಸಣೆಯಲ್ಲೂ ಒಡೆಯುವ ಬಳೆಗಳೇ ಒಂದು ಸುಂಕವಾಗಿದ್ದಿರಬೇಕು.

ಇದೇ ಮಾತನ್ನು ಬಂಗಾಳದ ವಿಷಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ 1830ರ ದಶಕದ ನಡುವೆ ಒಂದು ವರದಿಯಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟಿದ್ದನು. ಒಳನಾಡಿನ ಸುಂಕದಿಂದ ಕಂಪನಿಗೆ ಬರುವ ಹಣಕ್ಕಿಂತ ಅದು ವ್ಯಾಪಾರಕ್ಕೆ ಮಾಡುವ ಹಾನಿ ಎಷ್ಟೋ ಪಟ್ಟು ಹೆಚ್ಚೆಂಬುದು ಅವನ ವಾದವಾಗಿತ್ತು. 1836ರಲ್ಲಿ ಬಂಗಾಳದಲ್ಲಿಯೂ 1844ರಲ್ಲಿ ಮದರಾಸಿನಲ್ಲಿಯೂ ಸಾಗಾಟದ ಸುಂಕಗಳು ರದ್ದಾದವು. ಮೈಸೂರಿನಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡ ಬಳಿಕ, 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಈ ಗಂಟನ್ನು ಬಿಡಿಸುವ ಕೆಲಸಕ್ಕೆ ಕೈಹಾಕಿದರು. ಅವರ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆಯನ್ನು 769 ಎಂದು ಲೆಕ್ಕ ಹಾಕಲಾಗಿದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ಅದರ ಚೌಲಕ್ಕೆ ಹಾಕುತ್ತಿದ್ದ ತೆರಿಗೆಗಳೂ ಆ ಪಟ್ಟಿಯಲ್ಲಿದ್ದವು. ಸಾಯರಿನಲ್ಲಿ ಮಾಡಿದ ಸುಧಾರಣೆ ಇನ್ನೂ ಸೂಕ್ಷ್ಮವಾದದ್ದು. ಆದಾಯವನ್ನು ಒಮ್ಮೆಲೇ ಬಿಟ್ಟುಕೊಡಲಾಗದ ಸರ್ಕಾರ ಮೊದಲು ಮಾಡಿದ್ದೆಂದರೆ ಹಲವು ಕಟ್ಟೆಗಳ ಸುಂಕವನ್ನು ಕೂಡಿಸಿ, ವರ್ತಕನು ತನಗೆ ಅನುಕೂಲವಾದ ಒಂದು ಕಟ್ಟೆಯಲ್ಲಿ ಒಂದೇ ಬಾರಿಗೆ ಕಟ್ಟಿ ಮುಂದೆ ತಡೆಯಿಲ್ಲದೆ ಹೋಗಬಹುದೆಂದು ಗೊತ್ತುಮಾಡಿದ್ದು. ಅದರ ಜೊತೆಯಲ್ಲಿ ಹೆಚ್ಚಿನ ಸರಕುಗಳ ಸಾಗಾಟದ ಸುಂಕಗಳು ಕ್ರಮೇಣ ಹೋಗಿ ಅಡಿಕೆ, ಕಾಫಿ, ಏಲಕ್ಕಿ, ಹೊಗೆಸೊಪ್ಪಿನಂತಹ ಕೆಲವೇ ಬೆಳೆಗಳ ಮೇಲೆ ತೆರಿಗೆ ಉಳಿಯಿತು. ಇದೇ ಆಡಳಿತದಲ್ಲಿ ಸುಮಾರು 1600 ಮೈಲಿ ರಸ್ತೆ ಸಿದ್ಧವಾದದ್ದರಿಂದ ಹೇರೆತ್ತಿನ ಜಾಗಕ್ಕೆ ಬಂಡಿ ಬಂದಿತು. ರಸ್ತೆ ಮಾಡಿಸಿದ ಕೀರ್ತಿ ಕಬ್ಬನ್ನರಿಗೆ ಧಾರಾಳವಾಗಿ ಸಂದಿದೆ. ಕಟ್ಟೆಗಳನ್ನು ತೆಗೆಸಿದ್ದು ಅಷ್ಟೇ ದೊಡ್ಡ ಕೆಲಸ, ಏಕೆಂದರೆ ಕಟ್ಟೆಗಳಿರುವ ನುಣುಪಾದ ರಸ್ತೆಯಲ್ಲಿ ಬಂಡಿ ಬೇಗನೆ ಹೋಗಿ ಸುಮ್ಮನೆ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತಿತ್ತು. 1876ರಿಂದ 1878ರ ದೊಡ್ಡ ಬರ ಕಳೆದ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಮೀಟರ್ ಗೇಜ್ ರೈಲು 1881 ಮತ್ತು 1882ರಲ್ಲಿ ಭಾಗ ಭಾಗವಾಗಿ ಓಡಲಾರಂಭಿಸಿ, ಕ್ಲೋಸ್‌ಪೇಟೆ ಚನ್ನಪಟ್ಟಣಗಳು ಕಡಲ ಕರೆಯ ಮಾರುಕಟ್ಟೆಗೆ ನೇರವಾಗಿ ಕೂಡಿಕೊಂಡವು.

ಆ ಕೂಡಿಕೆಯ ಫಲವನ್ನೂ ಪೆಟ್ಟನ್ನೂ ಈ ಸೀಮೆ ಅನುಭವಿಸಿದ್ದು ರೇಷ್ಮೆಯ ಮೂಲಕ. ಟಿಪ್ಪುವಿನ ಕಾಲದಲ್ಲಿ ನೆಲೆಯೂರಿದ ರೇಷ್ಮೆ ಕೃಷಿ ಹತ್ತೊಂಬತ್ತನೆಯ ಶತಮಾನದಲ್ಲಿ ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿಗಳ ಒಣ ಭೂಮಿಯಲ್ಲಿ ಹಬ್ಬಿತು. ಕಾವೇರಿಯಾಚೆ ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ, 1956ರ ನವೆಂಬರ್ 1ರಂದು ಮಾತ್ರ ಮೈಸೂರು ರಾಜ್ಯಕ್ಕೆ ಬಂದ, ಕೊಳ್ಳೇಗಾಲದಲ್ಲೂ ಅದೇ ಬೆಳೆ, ಅದೇ ಭಾಷೆ, ಅದೇ ಗೂಡು. ಮೈಸೂರು ಸರ್ಕಾರ 1910ರ ದಶಕದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು; ರೋಗವಿಲ್ಲದ ಮೊಟ್ಟೆಯನ್ನು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಆರಿಸಿ ರೈತರಿಗೆ ಒದಗಿಸುವ ಕ್ರಮ ಅಲ್ಲಿಂದ ಬೆಳೆಯಿತು. ಕನಕಪುರದಲ್ಲಿ ಫಿಲೇಚರ್, ಅಂದರೆ ಯಂತ್ರದ ನೆರವಿನಿಂದ ಗೂಡಿನ ನೂಲು ಬಿಚ್ಚುವ ಕಾರ್ಖಾನೆ, ಚನ್ನಪಟ್ಟಣದಲ್ಲಿ ರೇಷ್ಮೆಯ ಜೂಟಿನಿಂದ, ಅಂದರೆ ಬಿಚ್ಚಿ ಉಳಿದ ತ್ಯಾಜ್ಯದಿಂದ, ನೂಲು ತೆಗೆಯುವ ಗಿರಣಿ ಮುಂದೆ ಬಂದವು.

ಆದರೆ ಈ ಹೊತ್ತಿಗೆ ಬೆಲೆ ನಿರ್ಧಾರವಾಗುವ ಜಾಗ ಬೇರೆಯಾಗಿತ್ತು. 1929ರ ಜಾಗತಿಕ ಕುಸಿತದ ಬಳಿಕ ಜಪಾನಿನ ಮತ್ತು ಚೀನಾದ ರೇಷ್ಮೆ ಭಾರತದ ಬಂದರುಗಳಿಗೆ ಎಷ್ಟು ಅಗ್ಗವಾಗಿ ಬಂದಿಳಿಯಿತೆಂದರೆ ಮೈಸೂರು ಸೀಮೆಯ ರೈತರು ಹಿಪ್ಪುನೇರಳೆ ಗಿಡಗಳನ್ನು ಕಿತ್ತು ರಾಗಿ ಬಿತ್ತತೊಡಗಿದರು. ಮೈಸೂರು ಸಂಸ್ಥಾನಕ್ಕೆ ಬಂದರಿರಲಿಲ್ಲ. ಮದರಾಸಿನಲ್ಲಿಯೂ ಬೊಂಬಾಯಿಯಲ್ಲಿಯೂ ಆಮದು ಸುಂಕ ಎತ್ತುತ್ತಿದ್ದದ್ದು ಭಾರತ ಸರ್ಕಾರ. ಸುಂಕದ ಹಣವೂ ದರ ನಿಗದಿ ಮಾಡುವ ಅಧಿಕಾರವೂ ಅದರದೇ ಆಗಿತ್ತು. ನೂರು ವರ್ಷದ ಹಿಂದೆ ಕಟ್ಟೆಗಳನ್ನು ತೆಗೆಯಬೇಕೆಂದು ಬೇಡುತ್ತಿದ್ದ ಸೀಮೆ ಈಗ ಬಂದರಿನ ಕಟ್ಟೆಯನ್ನು ಎತ್ತರಿಸಬೇಕೆಂದು ಬೇಡುವ ಸ್ಥಿತಿಗೆ ಬಂದಿತು, ಮತ್ತು ಆ ಬೇಡಿಕೆಯಲ್ಲಿ ವಿರೋಧಾಭಾಸವೇನೂ ಇಲ್ಲ. ಒಂದರಲ್ಲಿ ತನ್ನ ಸರಕು ಹೊರಗೆ ಹೋಗುವ ಪ್ರಶ್ನೆಯಿತ್ತು, ಇನ್ನೊಂದರಲ್ಲಿ ಹೊರಗಿನದು ಒಳಗೆ ಬರುವ ಪ್ರಶ್ನೆ. ಮೈಸೂರು ಸರ್ಕಾರದ ಅಹವಾಲನ್ನೂ ಕೇಳಿ ಸುಂಕ ಮಂಡಳಿ 1933ರಲ್ಲಿ ವಿಚಾರಣೆ ನಡೆಸಿತು. 1934ರಲ್ಲಿ ಕಚ್ಚಾ ರೇಷ್ಮೆಯ ಆಮದಿಗೆ ಬೆಲೆಯ ಶೇ. 25 ಮತ್ತು ಅದರ ಮೇಲೆ ಪೌಂಡಿಗೆ 14 ಆಣೆಯ ರಕ್ಷಣಾ ಸುಂಕ, ಅಂದರೆ ದೇಶದ ಉದ್ಯಮವನ್ನು ಕಾಯುವ ಉದ್ದೇಶದಿಂದಲೇ ಹಾಕುವ ಸುಂಕ, ಜಾರಿಗೆ ಬಂದಿತು. ಮಂಡಳಿ ಕೇಳಿದ್ದಕ್ಕಿಂತ ಅದು ಕಡಿಮೆಯಾಗಿದ್ದು ಬೆಲೆಯ ಕುಸಿತವನ್ನು ಪೂರ್ತಿ ತಡೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಆಮದು ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗಲೇ ಗೂಡಿಗೆ ಮತ್ತೆ ಬೆಲೆ ಬಂದಿತು. ಯುದ್ಧ ಮುಗಿದ ಮೇಲೆ 1948ರ ಕಾಯಿದೆಯಂತೆ ಕೇಂದ್ರ ರೇಷ್ಮೆ ಮಂಡಳಿ ರೂಪುಗೊಂಡು ಆಮದನ್ನು ಪರವಾನಗಿಯ ಹಿಡಿತದಲ್ಲಿಡುವ ಕಾಲ ಬಂದಿತು.

ನಾಡಿನೊಳಗೂ ತಡೆಗಳು ಬೇರೆ ರೂಪದಲ್ಲಿ ಮುಂದುವರಿದಿದ್ದವು. ಪುರಸಭೆಗಳು ಊರ ಬಾಗಿಲಲ್ಲಿ ಎತ್ತುತ್ತಿದ್ದ ಆಕ್ಟ್ರಾಯ್, ಎಂದರೆ ಪಟ್ಟಣದೊಳಗೆ ಬರುವ ಸರಕಿನ ಮೇಲಿನ ಸುಂಕ, ಹಳೆಯ ಸ್ಥಳಾದಾಯದ ನೇರ ವಾರಸುದಾರನಂತಿತ್ತು. ಲಾರಿಗಳು ನಾಕಾಗಳ ಮುಂದೆ ಸಾಲುಗಟ್ಟುತ್ತಿದ್ದವು. ಕರ್ನಾಟಕ 1979ರಲ್ಲಿ ಅದನ್ನು ತೆಗೆದು ಪ್ರವೇಶ ತೆರಿಗೆಯನ್ನು ತಂದಿತು. ಲಾರಿಯ ಬದಲು ವರ್ತಕನ ಲೆಕ್ಕದ ಪುಸ್ತಕವನ್ನು ಪರಿಶೀಲಿಸುವ ಆ ಕ್ರಮ, ಕಬ್ಬನ್ನರ ಕಾಲದ ಒಂದೇ ಕಟ್ಟೆಯ ಪಾವತಿಯ ಮುಂದುವರಿದ ಹೆಜ್ಜೆಯೆನ್ನಬೇಕು. ರಾಜ್ಯಗಳ ಎಲ್ಲೆಯಲ್ಲಿದ್ದ ತೆರಿಗೆಯ ತಪಾಸಣಾ ಠಾಣೆಗಳಿಗೆ 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಿಂದ ಕೊನೆ ಬಂದಿತು.

ಎಲ್ಲ ತಡೆಯೂ ಕೆಡುಕಲ್ಲವೆಂಬುದಕ್ಕೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯೇ ನಿದರ್ಶನ. 1959ರ ಕಾಯಿದೆಯೊಂದು ಮೊಟ್ಟೆ, ಗೂಡು ಮತ್ತು ನೂಲಿನ ಉತ್ಪಾದನೆ, ಮಾರಾಟಗಳನ್ನು ನಿಯಂತ್ರಣಕ್ಕೆ ತಂದು ಗೂಡನ್ನು ಸರ್ಕಾರದ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಿಂದಲೇ ಮಾರಬೇಕೆಂದು ವಿಧಿಸಿತು. ಹಳ್ಳಿಯ ಜಗಲಿಯಲ್ಲಿ ದಲ್ಲಾಳಿ ಹೇಳಿದ ತೂಕಕ್ಕೂ ಬೆಲೆಗೂ ತಲೆಯಾಡಿಸಬೇಕಾಗಿದ್ದ ರೈತ, ಜಾಲರಿಯಲ್ಲಿ ಗೂಡು ಹರಡಿ ನೂಲು ಬಿಚ್ಚುವ ಹತ್ತಾರು ರೀಲರುಗಳು ಕೂಗುವ ಬೆಲೆಯನ್ನು ಕೇಳುವಂತಾಯಿತು. ಗೂಡಿನೊಳಗಿನ ಹುಳು ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ ಗೂಡನ್ನು ಸೀಳಿ ಹೊರಬರುವುದರಿಂದ, ದಿನದಿನಕ್ಕೂ ತೂಕ ಇಳಿಯುವುದರಿಂದ, ಮಾರುವವನು ಕಾಯಲಾರ. ಅಂತಹವನಿಗೆ ನಿಗದಿತ ಹೊತ್ತು, ಕಣ್ಣೆದುರಿನ ತಕ್ಕಡಿ, ಗೊತ್ತಾದ ಶುಲ್ಕ ಇವುಗಳಿಂದ ಆದ ಉಪಕಾರ ದೊಡ್ಡದು. ಏಷ್ಯಾದ ಅತಿ ದೊಡ್ಡ ಗೂಡಿನ ಮಾರುಕಟ್ಟೆಯೆಂದು ಹೆಸರಾದ ಇಲ್ಲಿಗೆ ತಮಿಳುನಾಡು, ಆಂಧ್ರಗಳಿಂದಲೂ ಗೂಡು ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹರಾಜೂ ಪಾವತಿಯೂ ಗಣಕಯಂತ್ರಕ್ಕೆ ಹೋಗಿವೆ. ಇಜಾರೆದಾರನ ಕಟ್ಟೆಗೂ ಈ ಮಾರುಕಟ್ಟೆಗೂ ಇರುವ ಅಂತರ, ನಿಂತವನಿಗೆ ತಾನು ಏಕೆ ನಿಂತಿದ್ದೇನೆ, ಎಷ್ಟು ಹೊತ್ತು, ಎಷ್ಟು ಕೊಡಬೇಕು ಎಂಬುದು ಮೊದಲೇ ತಿಳಿದಿರುವುದರಲ್ಲಿದೆ.

ಬಂದರಿನ ಸುಂಕದಲ್ಲಿ ಮಾತ್ರ ಆ ನಿಶ್ಚಿತತೆ ಈ ಸೀಮೆಗೆ ಸಿಗಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳಂತೆ 2001ರ ಹೊತ್ತಿಗೆ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ಹೋದ ಮೇಲೆ ಚೀನಾದ ಕಚ್ಚಾ ರೇಷ್ಮೆ ಮತ್ತೆ ಬೆಲೆಯನ್ನು ಆಳತೊಡಗಿತು. 2003ರಲ್ಲಿ ಅದರ ಮೇಲೆ ಆಂಟಿ ಡಂಪಿಂಗ್ ಸುಂಕ ಬಂದಿತು. ಒಂದು ದೇಶ ತನ್ನಲ್ಲಿನ ಬೆಲೆಗಿಂತ ಅಗ್ಗವಾಗಿ ಇನ್ನೊಂದು ದೇಶದಲ್ಲಿ ಸರಕು ಸುರಿದಾಗ ಆ ಅಂತರವನ್ನು ತುಂಬಲು ಹಾಕುವ ಸುಂಕವದು. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಗೂಡಿನ ಬೆಲೆ ಕೆಲವೇ ತಿಂಗಳಲ್ಲಿ ತೀವ್ರವಾಗಿ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಮಗ್ಗದವರಿಗೆ ಸಮನಾದ, ಅಗ್ಗದ ನೂಲು ಬೇಕು, ಅದು ತಪ್ಪಲ್ಲ. ಆದರೆ ಹಿಪ್ಪುನೇರಳೆ ನೆಟ್ಟು, ಹುಳು ಸಾಕುವ ಮನೆ ಕಟ್ಟಲು ಸಾಲ ಮಾಡಿದ ಕನಕಪುರದ ಕುಟುಂಬಕ್ಕೆ ಎರಡು ವರ್ಷದೊಳಗೆ ಮೂವತ್ತು, ಐದು, ಹದಿನೈದು ಎಂದು ಬದಲಾಗುವ ದರ, ಕಟ್ಟೆಯಿಂದ ಕಟ್ಟೆಗೆ ಬದಲಾಗುತ್ತಿದ್ದ ಹಳೆಯ ದರದಷ್ಟೇ ಕ್ರೂರವಾದದ್ದು. ಸುಂಕ ಇಳಿಸುವವರು ಅದನ್ನು ವರ್ಷಗಳ ಮುನ್ಸೂಚನೆಯೊಡನೆ ಹಂತಹಂತವಾಗಿ ಮಾಡಬಹುದಾಗಿತ್ತು.

ಸರಕು ಸಾಗಿಸುವ ಬಗೆಯಲ್ಲಿ ಈ ನಡುವೆ ದೊಡ್ಡ ಬದಲಾವಣೆಗಳಾದವು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲಿ ತೆರೆದಾಗ ಕಸ್ಟಮ್ಸ್ ತಪಾಸಣೆಯೇ ಬಂದರಿನಿಂದ ಒಳನಾಡಿಗೆ ಬಂದಿತು. ಸರಕನ್ನು ಇಲ್ಲಿಯೇ ಪರೀಕ್ಷಿಸಿ ಮುದ್ರೆ ಹಾಕಿದ ಪೆಟ್ಟಿಗೆ ಮದರಾಸಿನಲ್ಲಿ ನೇರವಾಗಿ ಹಡಗೇರುವಂತಾಯಿತು. ಇದೇ ಸೀಮೆಯ ಬಿಡದಿಯಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಾರಿನ ಕಾರ್ಖಾನೆಯಂತಹವು, ಬಿಡಿಭಾಗಗಳು ಗೊತ್ತಾದ ಹೊತ್ತಿಗೆ ಬಂದು ಸೇರದಿದ್ದರೆ ನಿಂತುಹೋಗುವಂತಹವು, ಹಳೆಯ ಹೇರೆತ್ತಿನ ಹಾದಿಯಲ್ಲಿ ನೆಲೆಸಲು ಈ ವ್ಯವಸ್ಥೆಯೂ ಒಂದು ಆಸರೆ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮೀಕರಣ ಒಪ್ಪಂದ, ಸುಂಕದ ದರದ ಗೋಜಿಗೆ ಹೋಗದೆ, ನಿಯಮಗಳನ್ನು ಮೊದಲೇ ಪ್ರಕಟಿಸುವುದು, ಸರಕು ಬರುವ ಮುನ್ನ ಕಾಗದಪತ್ರ ಮುಗಿಸುವುದು, ಎಲ್ಲವನ್ನೂ ಪರೀಕ್ಷಿಸದೆ ಸಂಶಯವಿರುವುದನ್ನು ಮಾತ್ರ ಆರಿಸಿ ನೋಡುವುದು ಇವುಗಳನ್ನು ಸದಸ್ಯ ರಾಷ್ಟ್ರಗಳಿಗೆ ಹೇಳಿತು.

ಚನ್ನಪಟ್ಟಣದ ಗೊಂಬೆಗಳ ಮಟ್ಟಿಗೆ ಸುಂಕ ಮೇಲಕ್ಕೇ ಹೋಗಿದೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಈ ಕಸುಬಿಗೆ 2000ದ ದಶಕದಲ್ಲಿ ಭೌಗೋಳಿಕ ಸೂಚಿಯ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ, ಮಾನ್ಯತೆ ದೊರೆತರೂ ಚೀನಾದ ಪ್ಲಾಸ್ಟಿಕ್ ಆಟಿಕೆಯ ಎದುರು ಅದು ನಲುಗಿತ್ತು. ಆಟಿಕೆಯ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಇದರೊಡನೆ 2021ರ ಜನವರಿ 1ರಿಂದ ಎಲ್ಲ ಆಟಿಕೆಗಳಿಗೂ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಪ್ರಯೋಗಾಲಯದ ಪರೀಕ್ಷೆಗೆ ಹಣ ಕಟ್ಟಲಾಗದ ಸಣ್ಣ ಕುಶಲಕರ್ಮಿಯನ್ನು ಆ ನಿಯಮವೇ ಮಾರುಕಟ್ಟೆಯಿಂದ ಹೊರಗಿಡುವ ಅಪಾಯವಿದ್ದುದರಿಂದ, 2020ರ ಡಿಸೆಂಬರಿನ ತಿದ್ದುಪಡಿಯಲ್ಲಿ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕಸುಬುದಾರರಿಗೂ ಭೌಗೋಳಿಕ ಸೂಚಿಯ ಉತ್ಪನ್ನದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಡಲಾಯಿತು. ವಿನಾಯಿತಿ ಸಲ್ಲುವುದು ನೋಂದಣಿಯಾದವರಿಗೆ. ಮನೆಯ ಮುಂದಿನ ಚಪ್ಪರದಲ್ಲಿ ಕಡೆಯುವ ಯಂತ್ರವಿಟ್ಟುಕೊಂಡು ಇನ್ನೊಬ್ಬರಿಗೆ ಕೂಲಿಗೆ ಗೊಂಬೆ ಮಾಡಿಕೊಡುವವರನ್ನು ಆ ಪಟ್ಟಿಗೆ ಸೇರಿಸುವ ಕೆಲಸ ಚನ್ನಪಟ್ಟಣದಲ್ಲೇ, ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ ಮಾಡಬೇಕಾದದ್ದು.